ಮಾಳಿಗೆ ಮೇಲಿನ ಸರ್ಕಾರ

ಮೊನ್ನೆ ನನ್ನ ಮನೆಯ ಅಂಗಳದಲ್ಲೇ ನಿಂತು ಒಬ್ಬ ಸರ್ಕಾರಿ ನೌಕರ ನನ್ನನ್ನು ಕೇಳಿದ: "ಅಮ್ಮಾ, ತಾವು ಇಲ್ಲೇ ಇರ್ತೀರೇನ್ರಿ?"

ಕೇಳಿದವನು ಗುರುರಾಜ. ಗಡಿಯಾಚೆ ಆಂಧ್ರಕ್ಕೆ ಸೇರಿದ ಹೊಳಗುಂದದ ನಮ್ಮ ಮನೆಯ ಮಾಳಿಗೆ ಮೇಲೆ ಬಾಡಿಗೆಗಿರುವ ವಿ.ಆರ್.ಒ. (ನಿಮ್ಮ ಕಡೆ ಗ್ರಾಮ ಲೆಕ್ಕಿಗ ಅಂತೀರಲ್ಲ, ಅವನೇ.) ಅವತ್ತು ಬೆಳಿಗ್ಗೆಯಷ್ಟೇ ನಮ್ಮ ಅಡುಗೆಮನೆಯಲ್ಲಿ ಕೂತು ಉಗ್ಗಾಣಿ, ಬಜ್ಜಿ ತಿಂದುಹೋಗಿದ್ದ!

ಮಗಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಸಂಜೆಯೊಳಗೆ ನಿವಾಸ ಪ್ರಮಾಣಪತ್ರ ಅಪ್‌ಲೋಡ್ ಮಾಡದಿದ್ದರೆ ಅದು ಇನ್ನೊಬ್ಬರ ಪಾಲು. ಮಾಳಿಗೆ ಮೇಲೆಯೇ ಸರ್ಕಾರ ಇರುವಾಗ ನನಗೇನು ಚಿಂತೆ? ಉಗ್ಗಾಣಿ ಬಡಿಸುತ್ತಲೇ ವಿಷಯ ಹೇಳಿದೆ.

"ಎನ್‌ಕ್ವೈರಿ ಮಾಡಬೇಕಾಗ್ತೈತ್ರಿ ಅಕ್ಕಾ."

"ನಾ ಇಲ್ಲಿರೋದು ನಿನಗ ಗೊತ್ತಿಲ್ಲೇನಪ್ಪಾ?"

"ಗುರುರಾಜಗ ಗೊತ್ತೈತ್ರಿ. ವಿ.ಆರ್.ಒ.ಗ ಗೊತ್ತಿಲ್ಲ. ಅಕ್ಕಪಕ್ಕದೋರು ಹೇಳಬೇಕು."

ಸಿಟ್ಟು ನೆತ್ತಿಗೇರಿತು. ಆದರೆ ಬೈಯುವುದು ಹೇಗೆ? ಹಿಂದೊಮ್ಮೆ ನದಿಯಾಚೆ ಕರ್ನಾಟಕದಿಂದ ತನ್ನ ಸ್ವಂತ ಭಾವಮೈದುನ ಬಂದು ಇಂಥದೇ ಪತ್ರ ಕೇಳಿದಾಗ, ಗುರುರಾಜ "ನೀ ಇಲ್ಲಿಯವ ಅಲ್ಲ" ಎಂದು ಬರಿಗೈಯಲ್ಲಿ ಕಳಿಸಿದ್ದ. ಅವತ್ತು 'ಅಧಿಕಾರಿ ಅಂದರೆ ಹೀಗಿರಬೇಕು' ಎಂದು ಓಣಿತುಂಬ ಹೊಗಳಿದವಳು ನಾನೇ. (ಪರರ ಪಾಲಿಗೆ ಬಂದ ನಿಯಮ ಎಷ್ಟು ಚೆಂದ!)

ಮಧ್ಯಾಹ್ನ ಬಂದ. ಗೇಟು ತಟ್ಟಿದ. ತನ್ನದೇ ಬೈಕು ನಿಲ್ಲಿಸುವ ಅಂಗಳದಲ್ಲಿ ಅಪರಿಚಿತನಂತೆ ನಿಂತು ಆ ಪ್ರಶ್ನೆ ಕೇಳಿದ. ಹೌದಪ್ಪಾ ಎಂದೆ. ಎದುರು ಮನೆಗೆ ಹೊಸದಾಗಿ ಬಂದಿರುವ ಈರಮ್ಮನನ್ನು ಸಾಕ್ಷಿಗೆ ಕರೆದ.

"ಈ ಮನಿಯಾಗ ಯಾರಿರ್ತಾರಮ್ಮಾ?"

"ನೀವ ಅಲ್ರೀ ಸಾರ್! ವಿ.ಆರ್.ಒ. ಸಾರ್ ಮನಿ ಅಂದ್ರ ಯಾರಿಗೆ ಗೊತ್ತಿಲ್ಲ?"

"ನನ್ನ ಬಿಡು. ಈ ಅಮ್ಮಾರು?"

ಈರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರೂ ಇರ್ತಾರ್ರಿ, ಕೆಳಗ. ನಿಮ್ಮ ಬಾಡಿಗಿಯೋರು ಅಲ್ಲೇನ್ರಿ?"

ನಮ್ಮ ಮಾವ ಕಲ್ಲು ಹೊತ್ತು ಕಟ್ಟಿಸಿದ ಮನೆ! ನಾನು ಬಾಯಿ ತೆರೆಯುವಷ್ಟರಲ್ಲಿ ಗುರುರಾಜ ಕೈ ಎತ್ತಿ ತಡೆದ.

"ಇರ್ತಾರ ಅಂದಳಲ್ರೀ, ಸಾಕು. ಮನಿ ಯಾರದು ಅನ್ನೋದು ಈ ಪತ್ರಕ್ಕ ಬೇಕಿಲ್ಲ."

ಸಂಜೆಗೆ ಮುಂಚೆಯೇ ಪತ್ರ ಬಂತು. ಸೀಟು ಉಳಿಯಿತು. ನಮ್ಮವರು ಎಂದು ಕಣ್ಣು ಮುಚ್ಚದ ಇಂಥ ನೌಕರರಿಂದಲೇ ಸರ್ಕಾರ ನಿಂತಿದೆ ಎಂದು ನಾನೂ ಒಪ್ಪಿಕೊಂಡೆ. (ಪತ್ರ ಕೈಗೆ ಬಂದ ಮೇಲೆ.)

ಮರುದಿನ ಈರಮ್ಮ ಗೇಟಿನ ಬಳಿ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾ, ಸಾರ್ ನಿಮ್ಮ ಮಾತು ಕೇಳ್ತಾರಲ್ರೀ. ನಮ್ಮ ತಂಗಿಗೂ ಈ ಮನಿಯಾಗ ಒಂದು ರೂಮು ಕೊಡಸ್ರಿ."

ನೀವೇ ಹೇಳಿ, ಶಿಫಾರಸು ಮಾಡಲೇ?