ಸಮುದ್ರಕ್ಕೇ ಸಾಲದ ಕಬ್ಬಿಣ

ಅವರನ್ನು ನೆನೆದಾಗಲೆಲ್ಲ ಕೈಯಲ್ಲೊಂದು ಕೊಡೆ ಕಾಣುತ್ತದೆ. ಅಥವಾ ಆ ಕೊಡೆ ಅವರದಲ್ಲವೇನೋ. ನಮ್ಮೂರು ಮಿಡಿಗೇಶಿಯ ಬಿಸಿಲು ನೆನೆದು ನಾನೇ ಅದನ್ನು ನೆನಪಿನಲ್ಲಿ ಅವರ ಕೈಗೆ ಕೊಟ್ಟಿರಬಹುದು. ಅವರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ತಂಗಿಗೆ ರಕ್ತ ಕಡಿಮೆಯಿತ್ತು. ಹೀಗೇ ಬಿಟ್ಟರೆ ಜೀವಕ್ಕೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂದು ತಂಗಿ ನಂಬಿದ್ದಳು.

ಅವರು ಗದರುತ್ತಿರಲಿಲ್ಲ. ಸೆರಗಿನಲ್ಲಿ ಕತ್ತು ಒರೆಸಿಕೊಂಡು ಪ್ರತಿ ಸಲ ಅದೇ ಮಾತು: "ಸಮುದ್ರಕ್ಕೇ ಕಬ್ಬಿಣ ಸಾಲಲ್ವಂತೆ ಕಣಮ್ಮ, ನೀನ್ಯಾವ ಲೆಕ್ಕ?" ಅಷ್ಟೊಂದು ನೀರಿದ್ದರೂ ಕಬ್ಬಿಣವಿಲ್ಲದ ಕಡೆ ಕಣ್ಣಿಗೆ ಕಾಣದ ಹಸಿರು ಜೀವಗಳು ಬೆಳೆಯುವುದಿಲ್ಲವಂತೆ. ಗಾಳಿ ಎಲ್ಲಿಂದಲೋ ಕೆಂಪು ಧೂಳು ತಂದು ಸುರಿದರೆ ನೀರು ಹಸಿರಾಗುತ್ತದಂತೆ.

"ಅಂಗಾದ್ರೆ ಮಾತ್ರೆ ಅಲ್ಲಿಗೇ ಹಾಕ್ಬುಡಕ್ಕ," ಅಂದಳು ತಂಗಿ.

ಒಂದು ದಿನ ಅವರು ಕೈ ತೊಳೆಯಲು ಹಿತ್ತಿಲಿನ ಕಲ್ಲುತೊಟ್ಟಿಗೆ ಹೋದರು. ನೀರು ಹಸಿರಾಗಿತ್ತು. ತಳದಲ್ಲಿ ಅರ್ಧ ಕರಗಿದ ಮಾತ್ರೆಗಳು ಕೂತಿದ್ದವು. ಅವರು ಬಹಳ ಹೊತ್ತು ಬಗ್ಗಿ ನೋಡಿದರು.

"ತೊಟ್ಟಿಗೆ ರಕ್ತ ಚೆನ್ನಾಗೈತೆ ಕಣಮ್ಮ. ಇದಕ್ಕೆ ಹೆರಿಗೆ ಸಲೀಸು," ಅಂದರು. ನಗಲಿಲ್ಲ. ನಮ್ಮಮ್ಮ ನಕ್ಕಳು.

ಅಂದಿನಿಂದ ತಂಗಿ ಅವರೆದುರೇ ನಿಂಬೆಹಣ್ಣಿನ ನೀರಿನಲ್ಲಿ ಮಾತ್ರೆ ನುಂಗಿದಳು. ಹೆರಿಗೆ ಸಲೀಸಾಗಿಯೇ ಆಯಿತು. ಮಗು ನಮ್ಮಪ್ಪನ ಹಾಗೆ ಕಪ್ಪಗಿದೆ. ತಂಗಿ ಈಗಲೂ ಮಾತ್ರೆಯನ್ನೇ ಬೈಯುತ್ತಾಳೆ.

ತೊಟ್ಟಿ ಹಸಿರಾದದ್ದು ಮಾತ್ರೆಯಿಂದಲೇ ಅಂತ ಹೇಳಲಾರೆ. ಅದು ಪ್ರತಿ ಬೇಸಿಗೆಯಲ್ಲೂ ಹಸಿರಾಗುತ್ತದೆ. ಸಮುದ್ರದ ಮಾತನ್ನು ಅವರು ಎಲ್ಲಿ ಕೇಳಿದ್ದರು, ಸಮುದ್ರವನ್ನು ಯಾವತ್ತಾದರೂ ನೋಡಿದ್ದರೇ ಎಂದು ನಾನು ಕೇಳಲಿಲ್ಲ. ಗೊತ್ತಿಲ್ಲ.