ಕೆಂಚಯ್ಯ ಕಟ್ಟಿದ ಕೆಂಪು ಚೂರು

ಕಾಫಿ ಗಿಡದ ಕಾಂಡ ನೋಡಿ ಒಳಗೆ ಹುಳ ಇದೆಯೋ ಇಲ್ಲವೋ ಹೇಳುವವರು ಹೆತ್ತೂರಿನ ಕಡೆ ಬೇಕಾದಷ್ಟಿದ್ದಾರೆ. ಹೇಳಿದ್ದು ನಿಜವಾಗುತ್ತಿದ್ದುದು ಕೆಂಚಯ್ಯನದು ಮಾತ್ರ. ನಾನು ಲೆಕ್ಕ ಬರೆಯುವ ರೈಟರಾಗಿದ್ದ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಅವನಿಗೆ ಅದೇ ಕೆಲಸ. ಹುಳ ಹೊಕ್ಕ ಗಿಡಕ್ಕೆ ಹೆಂಡತಿ ಚಿನ್ನಮ್ಮನ ಹಳೇ ಸೀರೆಯ ಕೆಂಪು ಚೂರು ಕಟ್ಟಿ ಮುಂದೆ ಹೋಗುತ್ತಿದ್ದ. ಹಿಂದೆ ಬರುವ ಆಳುಗಳು ಆ ಗಿಡ ಕಿತ್ತು ಸುಡುತ್ತಿದ್ದರು. ಒಮ್ಮೆ ಸಾಹುಕಾರರು ಸ್ವಂತ ಕೈಯಿಂದ ನೆಟ್ಟ ಗಿಡಕ್ಕೂ ಕಟ್ಟಿಬಿಟ್ಟ. ಬೈಗುಳ ತಿಂದವನು ನಾನು. ಸೀಳಿ ನೋಡಿದರೆ ಒಳಗೆ ಹುಳ ಇತ್ತು.

ತೊಂಬತ್ತೆಂಟರಲ್ಲಿ ಚಿನ್ನಮ್ಮನ ಬೆನ್ನಿನ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು. ನೋವಿಲ್ಲ, ಅದರ ಪಾಡಿಗೆ ಅದಿರಲಿ ಎಂದಳು ಅವಳು. ಕೆಂಚಯ್ಯ ಹಟ ಹಿಡಿದು ಪೇಟೆಯ ಖಾಸಗಿ ಆಸ್ಪತ್ರೆಗೆ ಎಳೆದುಕೊಂಡು ಹೋದ. ಅರ್ಧ ಗಂಟೆಯ ಆಪರೇಷನ್. ಬರೀ ಕೊಬ್ಬು, ಹೆದರಬೇಡಿ, ಮೂರು ದಿನ ಬಿಟ್ಟು ಗಾಯ ನೋಡಿ ಕಳಿಸುತ್ತೇನೆ ಎಂದ ಡಾಕ್ಟರು ಭಾವಮೈದುನನ ಮದುವೆಗೆ ಹೋದರು.

ಹೋದವರು ಹೋದರೇ. ಗಾಯದ ಬಟ್ಟೆ ಬದಲಾಯಿಸಿ ಎಂದರೆ ನರ್ಸು ಕಾಂಪೌಂಡರನ್ನು ತೋರಿಸುತ್ತಿದ್ದಳು. ಕಾಂಪೌಂಡರು ಡಾಕ್ಟರ ಚೀಟಿ ಬೇಕು ಎನ್ನುತ್ತಿದ್ದ. ಡಾಕ್ಟರು ಬೀಗರೂಟದಲ್ಲಿದ್ದರು. ಮೂರನೇ ದಿನ ಚಿನ್ನಮ್ಮನಿಗೆ ಚಳಿಜ್ವರ ಬಂತು. ನರ್ಸು ಕಿಟಕಿ ಮುಚ್ಚಿ ತನ್ನ ಕರ್ತವ್ಯ ಮುಗಿಸಿದಳು. ನಾಲ್ಕನೇ ದಿನ ಕೀವಿನ ವಾಸನೆಗೆ ಪಕ್ಕದ ಮಂಚದ ರಾಜಲಕ್ಷ್ಮಮ್ಮ ಮೂಗಿಗೆ ಸೆರಗು ಹಿಡಿದರು. ಬೇಡ ಎಂದವಳನ್ನು ತಾನೇ ಎಳೆದು ತಂದು ಕೊಂದಂತಾಗುತ್ತದಲ್ಲ ಎಂಬ ಭಯ ಕೆಂಚಯ್ಯನಿಗೆ.

ಐದನೇ ದಿನ ನಾನು ನೋಡಿಕೊಂಡು ಬರಲು ಹೋದಾಗ, ಮನೆಗೆ ಹೋಗುವಾಗ ಉಡಲೆಂದು ಅವಳು ತಂದಿದ್ದ ಕೆಂಪು ಸೀರೆಯನ್ನು ಕೆಂಚಯ್ಯ ಹರಿಯುತ್ತಿದ್ದ. ಡಾಕ್ಟರ ಕುರ್ಚಿಗೆ ಒಂದು ಚೂರು ಕಟ್ಟಿದ. ನರ್ಸಿನ ಮೇಜಿಗೊಂದು, ನೀರು ಬಾರದ ನಲ್ಲಿಗೊಂದು. ಕಾಂಪೌಂಡರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ, ಅವನ ಕಾಲಿನ ಹೆಬ್ಬೆರಳಿಗೇ ಕಟ್ಟಿದ. ಹೊರಗೆ ಕಾಯುತ್ತಿದ್ದವರೆಲ್ಲ ತೋಟದ ಜನ. ಅವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ, ಒಬ್ಬೊಬ್ಬರಾಗಿ ನಗಲು ಶುರುಮಾಡಿದರು.

ಅಷ್ಟರಲ್ಲಿ ಡಾಕ್ಟರು ಬಂದರು. ಕುರ್ಚಿಯ ಮುಂದೆ ನಿಂತು ಇದೇನಿದು ಎಂದು ಕೇಳಿದರು.

"ಹುಳ ಬಿದ್ದಿರೋದಕ್ಕೆ ನಮ್ಮಲ್ಲಿ ಹಿಂಗೇ ಗುರ್ತು ಕಟ್ಟೋದು ಸ್ವಾಮಿ. ಸಂಜೆಯೊಳಗೆ ಕಿತ್ತು ಸುಟ್ಬುಡ್ತೀವಿ" ಎಂದ ಕೆಂಚಯ್ಯ.

ಕಾಯುತ್ತಿದ್ದವರಲ್ಲಿ ನಾಲ್ಕು ಜನ ಚೀಲ ಎತ್ತಿಕೊಂಡು ಹೊರಟರು. ಅದನ್ನು ಕಂಡದ್ದೇ ಡಾಕ್ಟರಿಗೆ ಕೈ ತೊಳೆಯಲು ಎಲ್ಲಿಂದಲೋ ನೀರು ಬಂತು. ಹೊಲಿಗೆ ಬಿಚ್ಚಿ ಕೀವು ತೆಗೆದು ಇಂಜೆಕ್ಷನ್ ಕೊಟ್ಟರು. ಮಾರನೇ ದಿನದಿಂದ ಬಟ್ಟೆ ಬದಲಾಯಿಸಲು ನರ್ಸಿಗೂ ಕಾಂಪೌಂಡರಿಗೂ ನಾ ಮುಂದೆ ತಾ ಮುಂದೆ.

ಜ್ವರ ಬಿಟ್ಟ ದಿನ ಚಿನ್ನಮ್ಮ ಮೊದಲು ಕೇಳಿದ್ದು ಸೀರೆಯನ್ನು. ಎರಡು ಮಾತು ಬೈದ ಮೇಲೆ ಅವನ ಮುಂಗೈಯಲ್ಲೂ ಒಂದು ಚೂರು ಕಂಡಿತು. ಇದ್ಯಾಕೆ ಎಂದಳು.

"ಬ್ಯಾಡ ಅಂದೋಳ್ನ ಎಳ್ಕಂಡ್ ಬಂದೋನು ನಾನೇ ತಾನೆ" ಎಂದ ಕೆಂಚಯ್ಯ, ನೆಲ ನೋಡುತ್ತ.

ಅವಳು ಅವನ ಕೈ ಎಳೆದುಕೊಂಡು ಗಂಟನ್ನು ಹಲ್ಲಿನಿಂದಲೇ ಬಿಚ್ಚಿದಳು.

"ಈ ಗಿಡ ಯಾವಾಗ ಸುಡಬೇಕು ಅಂತ ನಾನ್ ಹೇಳ್ತೀನಿ. ಅಲ್ಲೀಗಂಟ ನಿಂತಿರ್ಲಿ."