ಕೋದಂಡರಾಮಪ್ಪನವರ ಕಾಲು

ಮಾಲೂರಿನ ಕೋದಂಡರಾಮಪ್ಪನವರಿಗೆ ಜನಸೇವೆಯ ಆಸೆ ಬಹಳ. ಜನರ ಹತ್ತಿರ ಕೂರುವ ಅಭ್ಯಾಸ ಮಾತ್ರ ಇರಲಿಲ್ಲ. ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು 1936ರಲ್ಲಿ ಕೋಲಾರದ ಒಂದು ಗ್ರಾಮಾರೋಗ್ಯ ಸಂಘ ಸೇರಿದರು. ಸಂಘ ಅವರನ್ನು ಶ್ರೀನಿವಾಸಪುರದಾಚೆಯ ಒಂದು ಹಳ್ಳಿಗೆ ಕಳಿಸಿತು. ಅಲ್ಲಿ ಜನ ಮೆಟ್ಟಿಲಿಳಿದು ಬಾವಿಯೊಳಗೆ ಕಾಲಿಟ್ಟೇ ನೀರು ತುಂಬುತ್ತಿದ್ದರು. ಆ ನೀರು ಕುಡಿದವರ ಕಾಲಿಂದ ವರ್ಷ ಕಳೆದ ಮೇಲೆ ದಾರದಂಥ ಹುಳ ಹೊರಬರುತ್ತಿತ್ತು, ಅದೇ ನಾರುಹುಣ್ಣು. ಹಗ್ಗದಲ್ಲಿ ಸೇದುವ ಹೊಸ ಬಾವಿ ತೋಡಲು ಊರನ್ನು ಒಪ್ಪಿಸುವುದು ಅವರ ಕೆಲಸ.

ಒಪ್ಪಿಸುವುದೆಂದರೆ ಭಾಷಣ ಎಂದು ಅವರು ತಿಳಿದಿದ್ದರು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಜನಕ್ಕೆ ‘ಜಲಜನ್ಯ ವ್ಯಾಧಿಗಳ ನಿವಾರಣೋಪಾಯ’ ಬೋಧಿಸಿದರು. ಜನ ಭಕ್ತಿಯಿಂದ ಕೇಳಿ, ಕೊನೆಯಲ್ಲಿ ಹಂಚುವ ಹುರಿಗಡಲೆ ತಿಂದು ಮನೆಗೆ ಹೋದರು. ಸಂಘದ ಹುರಿಗಡಲೆ ಮುಗಿದ ತಿಂಗಳು ಭಕ್ತಿಯೂ ಮುಗಿಯಿತು. ಜನಜಾಗೃತಿ ಭರದಿಂದ ಸಾಗಿದೆ ಎಂದು ಅವರು ಕೋಲಾರದಲ್ಲಿ ಹೇಳುತ್ತಿದ್ದರು.

ಭಾಷಣಕ್ಕೆ ಗಂಟಲು ಒಣಗುತ್ತದಲ್ಲ. ಪಟೇಲ ಚನ್ನರಾಯಪ್ಪ ಬೆಳ್ಳಿ ಲೋಟದಲ್ಲಿ ನೀರು ಕೊಡುತ್ತಿದ್ದ. ಬೆಳ್ಳಿ ಲೋಟದ ನೀರು ಯಾವ ಬಾವಿಯದೆಂದು ವಿಚಾರಿಸುವುದು ಮರ್ಯಾದಸ್ಥರ ಲಕ್ಷಣವೇ?

ಮರುವರ್ಷದ ಬೇಸಿಗೆಯಲ್ಲಿ, ಆ ಊರಲ್ಲೇ, ಅವರ ಬಲಗಾಲ ಹರಡಿನಲ್ಲಿ ಬೊಕ್ಕೆ ಎದ್ದು ಒಡೆದು ಬಿಳಿ ಹುಳ ತಲೆ ಹೊರಹಾಕಿತು. ಹೆಜ್ಜೆ ಇಡಲಾಗಲಿಲ್ಲ. ಪಟೇಲನಿಗೆ ಅವತ್ತೇ ಮುಳಬಾಗಿಲಲ್ಲಿ ಅವಸರದ ಕೆಲಸ ಬಿತ್ತು. ಹಿಪ್ಪುನೇರಳೆ ಬೆಳೆಯುವ ಮುನಿಯಲ್ಲಮ್ಮ ಮೇಷ್ಟ್ರನ್ನು ತನ್ನ ಜಗಲಿಯಲ್ಲಿ ಮಲಗಿಸಿದಳು. ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆದಳು.

ಭಾಷಣಕ್ಕೆ ಬಾರದ ಊರು ಕಾಲು ನೋಡಲು ಬಂತು. ಪೆದ್ದಪ್ಪನೆಂಬ ಮುದುಕ ತನ್ನ ಮೊಣಕಾಲಿನ ಕಲೆ ತೋರಿಸಿ, ಇದರ ಮುಂದೆ ನಿಮ್ಮದೇನು ಮಹಾ ಎಂದು ಸಮಾಧಾನ ಹೇಳಿದ. ನೋವಿಗೆ ಬಾಯಿ ಏಳದ ಕೋದಂಡರಾಮಪ್ಪನವರು ಬೇರೆಯವರ ಮಾತನ್ನು ಪೂರ್ತಿ ಕೇಳುವ ಕಷ್ಟವನ್ನೂ ಅನುಭವಿಸಿದರು. ಹೊಸ ಬಾವಿ ಯಾಕೆ ಬೇಡವೆಂದು ಒಂದು ಸಂಜೆ ಮುನಿಯಲ್ಲಮ್ಮನನ್ನು ಕೇಳಿದರು.

“ಬಾವಿ ಬೇಡ ಅಂತ ಯಾರಂದ್ರು ಸಾಮಿ? ನೀವು ಗುರುತು ಹಾಕಿರೋದು ಪಟೇಲ್ರ ಹಿತ್ತಿಲಲ್ಲಿ. ಅಲ್ಲಿ ಒಂದು ಕೊಡ ನೀರು ಸೇದಿದ್ರೆ ಅವರ ಕೊಟ್ಟಿಗೆ ಸಗಣಿನೂ ಬಾಚಿಕೊಟ್ಟು ಬರ್ಬೇಕು.”

“ಮೊದಲೇ ಹೇಳಬಾರದಿತ್ತಾ?”

“ನೀವು ಮಾತು ನಿಲ್ಸಿದ್ದು ಈಗಲ್ವಾ?”

ಅವರಿಗೆ ಕೋಪ ಬಂತು. ಎದ್ದು ಹೋಗೋಣವೆಂದರೆ ಕಾಲಿಲ್ಲ, ಕೂತು ಯೋಚಿಸಿದರು. ಬೆಳಿಗ್ಗೆ ಹೆಂಗಸರನ್ನೇ ಕರೆಸಿ ಜಾಗ ತೋರಿಸಲು ಹೇಳಿದರು. ಅವರು ತೋರಿಸಿದ್ದು ಹುಣಸೆಮರದ ಬಯಲು. ಮುನಿಯಲ್ಲಮ್ಮ ಮನೆಮನೆಗೆ ಹೋಗಿ ಕರೆದಳು, ಗುದ್ದಲಿಗಳು ಬಂದವು. ರಾಗಿ ಬಿತ್ತನೆಗೆ ಮುಂಚೆ ನೀರು ಸಿಕ್ಕಿತು. ಮೊದಲ ಕೊಡ ಮೇಲೆ ಬಂದಾಗ ಕೋದಂಡರಾಮಪ್ಪನವರು ಬೆನ್ನು ತಿರುಗಿಸಿ ಬಹಳ ಹೊತ್ತು ಕನ್ನಡಕ ಒರೆಸಿದರು.

ತನ್ನ ಹಿತ್ತಿಲು ತಪ್ಪಿದ ಬಾವಿಯನ್ನು ಪಟೇಲನೇ ಹಾರ ಹಾಕಿಸಿಕೊಂಡು ಉದ್ಘಾಟಿಸಿದ. ಸಂಘದವರು ಭಾಷಣಗಳ ಪರಿಣಾಮ ಕಂಡು ಹರ್ಷಿಸಿ, ಮುಳಬಾಗಿಲು ತಾಲ್ಲೂಕಿಗೆ ಇನ್ನಿಬ್ಬರು ಭಾಷಣಕಾರರನ್ನು ನೇಮಿಸಿದರು. ಕೋದಂಡರಾಮಪ್ಪನವರು ಕಾಲೆಳೆದುಕೊಂಡು ಆ ಕಡೆಗೂ ಹೋದರು. ಭಾಷಣಕಾರರು ಬರುವ ಮೊದಲೇ ಯಾರದಾದರೂ ಜಗಲಿ ಹಿಡಿದು ಕೂರುತ್ತಿದ್ದರು.